ಯಾರೂ ತಿದ್ದಲಾಗದ ಜಾತಕ

ಮಿಡಿಗೇಶಿಯ ಕೋಟೆಬೆಟ್ಟದ ತಪ್ಪಲಿನಲ್ಲಿದ್ದ ಪಂಚಾಂಗದಯ್ಯನವರ ಮನೆಯನ್ನು ಆ ಸುತ್ತಿನಲ್ಲಿ ಅರಿಯದವರಿರಲಿಲ್ಲ. ಆ ಮನೆಯ ಹಿರಿಯರು ಬೆಳಗಿನ ಲಿಂಗಪೂಜೆಯನ್ನು ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಜಗಲಿಗೆ ಬಂದು ಕುಳಿತು, ಹಲಗೆಯ ಮೇಲೆ ಹರಡಿದ ಮರಳಿನಲ್ಲಿ ಬೆರಳಿನಿಂದ ಅಂಕೆಗಳನ್ನು ಬರೆದು ಅಳಿಸಿ ಚಂದ್ರನ ಗತಿಯನ್ನು ಗಣಿಸುತ್ತಿದ್ದರು. ಕೂಸು ಹುಟ್ಟಿದ ಮನೆಯವರು ಬಂದು ನಕ್ಷತ್ರವನ್ನು ಕೇಳಿಕೊಂಡು ಹೋಗುತ್ತಿದ್ದರು. ಅಡವಯ್ಯನವರು ಹುಟ್ಟಿದ್ದು ಈ ಮನೆಯಲ್ಲಿ. ಅಕ್ಷರಾಭ್ಯಾಸದ ದಿನವೇ ಅಜ್ಜ ಅವರಿಗೊಂದು ಮಾತು ಹೇಳಿದ್ದರು. ಗಂಡಿನ ಜಾತಕ ತಪ್ಪಿದರೆ ಅವನು ಅದನ್ನು ಮೂಲೆಗೆಸೆದು ನಡೆದಾನು, ಹೆಣ್ಣಿನ ನಕ್ಷತ್ರ ತಪ್ಪಿದರೆ ಅದು ಅವಳ ಮದುವೆಯನ್ನೇ ತಪ್ಪಿಸುತ್ತದೆ, ಆದ್ದರಿಂದ ಈ ಜಗಲಿಯಿಂದ ಸುಳ್ಳು ನಕ್ಷತ್ರವೊಂದು ಇಳಿದು ಹೋಗಬಾರದು ಎಂದು. ಅಡವಯ್ಯನವರ ಬಾಳಿನ ವ್ರತವೆಂದರೆ ಇದೊಂದೇ. ಉಳಿದುದೆಲ್ಲ ಜೀವನೋಪಾಯ.

ಜೀವನೋಪಾಯವಾಗಿ ಅವರು ಮಧುಗಿರಿಯ ಪ್ರೌಢಶಾಲೆಯೊಂದರಲ್ಲಿ ಗಣಿತದ ಉಪಾಧ್ಯಾಯರಾಗಿದ್ದರು. ಪತ್ನಿ ಬೇಗನೆ ಶಿವಸಾಯುಜ್ಯವನ್ನು ಹೊಂದಿದರು. ಮಕ್ಕಳಿರಲಿಲ್ಲ. ಶಾಲೆ ಬಿಟ್ಟ ಮೇಲೆ ಮನೆಯ ಮುಂದೆ ಜಾತಕ ಕೇಳುವವರು ಕಾದಿರುತ್ತಿದ್ದರು. ಅವರಿಂದ ಎಲೆ ಅಡಿಕೆಯ ಹೊರತು ಏನನ್ನೂ ಅಡವಯ್ಯನವರು ಮುಟ್ಟುತ್ತಿರಲಿಲ್ಲ.

ಎಂಬತ್ತೈದನೆಯ ಇಸವಿಯಲ್ಲಿ ಶಾಲೆಗೆ ಒಂದು ಸಣ್ಣ ಕಂಪ್ಯೂಟರ್ ಬಂದಿತು. ಅದನ್ನು ಕಲಿತು ಬರಲು ಗಣಿತದ ಅಡವಯ್ಯನವರನ್ನೂ ವಿಜ್ಞಾನದ ವೆಂಕಟರಾಮಯ್ಯನವರನ್ನೂ ಬೇಸಿಗೆಯ ರಜೆಯಲ್ಲಿ ತರಬೇತಿಗೆ ಕಳಿಸಲಾಯಿತು. ವೆಂಕಟರಾಮಯ್ಯನವರಿಗೆ ಅದೊಂದು ವಿನೋದ. ಅಡವಯ್ಯನವರಿಗೋ, ಬೇಸಿಕ್ ಎಂಬ ಕಂಪ್ಯೂಟರ್ ಭಾಷೆಯ ಮೊದಲ ಪಾಠದ ದಿನವೇ ಅಜ್ಜನ ಮರಳಿನ ಹಲಗೆ ಕಣ್ಣೆದುರು ನಿಂತಿತು. ಹೇಳಿಕೊಟ್ಟ ಗಣಿತವನ್ನು ಮರೆಯದೆ, ದಣಿಯದೆ, ದಾಕ್ಷಿಣ್ಯಕ್ಕೆ ಒಳಗಾಗದೆ ನಡೆಸಿಕೊಡುವ ಹಲಗೆ ಅದು.

ಎರಡು ವರ್ಷ ಕಳೆಯುವಷ್ಟರಲ್ಲಿ ಆ ಹಲಗೆಯ ಅವಶ್ಯಕತೆಯೂ ಒದಗಿತು. ಕರಿಹಲಗೆಯ ಅಂಚುಗಳು ಅವರಿಗೆ ಮಸುಕಾಗತೊಡಗಿದ್ದವು. ಬೆಂಗಳೂರಿನ ವೈದ್ಯರು ನೋಡಿ, ಕಣ್ಣಿನ ನರ ಸೊರಗುತ್ತಿದೆ, ಹೋದ ದೃಷ್ಟಿ ಮರಳುವುದಿಲ್ಲ, ಇರುವುದೂ ಬಹುಕಾಲ ನಿಲ್ಲುವುದಿಲ್ಲ ಎಂದರು. ಬಸ್ಸಿನಲ್ಲಿ ಹಿಂದಿರುಗುವಾಗ ಅಡವಯ್ಯನವರು ನಿಶ್ಚಯಿಸಿಕೊಂಡರು. ಕಣ್ಣು ಹೋಗುವುದರೊಳಗೆ ಮನೆತನದ ಗಣಿತವೆಲ್ಲ ಯಂತ್ರದೊಳಕ್ಕೆ ಇಳಿಯಬೇಕು. ತಾವು ನೋಡಲಾಗದ ಕಾಲದಲ್ಲಿಯೂ ನಾಲ್ಕು ತಾಲ್ಲೂಕಿನ ಹೆಣ್ಣುಮಕ್ಕಳಿಗೆ ಸರಿಯಾದ ನಕ್ಷತ್ರ ಸಿಗಬೇಕು.

ಆಗ ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡಗಳ ಟೈಪಿಂಗ್ ಇನ್‌ಸ್ಟಿಟ್ಯೂಟುಗಳಿಗೂ ಮುದ್ರಣಾಲಯಗಳಿಗೂ ಒಂದೊಂದಾಗಿ ಕಂಪ್ಯೂಟರುಗಳು ಬರುತ್ತಿದ್ದವು. ಪ್ರೋಗ್ರಾಮನ್ನು ಫ್ಲಾಪಿಯಲ್ಲಿ ತುಂಬಿ ಅವರಿಗೆಲ್ಲ ಕೊಡುವುದೆಂದಾಯಿತು. ಆದರೆ ಅದನ್ನು ಬರೆಯುವುದು ಯಾವುದರಲ್ಲಿ? ತುಮಕೂರಿನ ಬಲ್ಲವರೊಬ್ಬರು, ಅಂಗಡಿ ಕಚೇರಿಗಳ ಪಟ್ಟಿಗಳನ್ನಿಡುವ ಡಿಬೇಸ್ ಎಂದರು. ಅದಕ್ಕೆ ಸೈನ್ ಕೊಸೈನುಗಳ, ಅಂದರೆ ಕೋನಗಳ ಜ್ಯಾಗಣಿತವೇ ಬಾರದು. ಮೇಲಾಗಿ ಆ ಡಿಬೇಸ್ ಎಂಬುದು ಪ್ರತಿ ಯಂತ್ರದಲ್ಲಿಯೂ ಇರಬೇಕು. ಉಳಿದುವು ಎರಡು. ಬೇಸಿಕ್ ಎಲ್ಲ ಕಂಪ್ಯೂಟರುಗಳಲ್ಲಿಯೂ ಮೊದಲೇ ಇತ್ತು, ಅದರಲ್ಲಿ ಬರೆದ ಪ್ರತಿಯೊಂದು ಸಾಲನ್ನೂ ಬೇಕಾದವರು ಪರದೆಯ ಮೇಲೆ ತೆರೆದು ಓದಬಹುದಾಗಿತ್ತು. ಆದರೆ ನಿಧಾನ. ಪ್ಯಾಸ್ಕಲ್ ಭಾಷೆಯಲ್ಲಿ ಬರೆದು ಯಂತ್ರದ ಭಾಷೆಗೆ ಇಳಿಸಿಬಿಟ್ಟರೆ ಬೇರೆ ಯಾವುದರ ಹಂಗೂ ಇಲ್ಲದೆ ವೇಗವಾಗಿ ನಡೆಯುತ್ತದೆ. ಆದರೆ ಒಳಗೇನಿದೆಯೆಂದು ಹೊರಗಿನವರು ಕಾಣಲಾರರು.

ಅಡವಯ್ಯನವರು ಮೊದಲು ಬೇಸಿಕ್ಕಿನಲ್ಲಿಯೇ ಬರೆದರು.

“ಅಯ್ನೋರೆ, ನಿಮ್ಮ ಚಂದ್ರ ಒಂದು ಮನೆ ದಾಟೋದ್ರೊಳಗೆ ನಾನು ಹೋಟ್ಲಿಗೆ ಹೋಗಿ ಇಡ್ಲಿ ತಿಂದು ಬಂದುಬುಡ್ತೀನಿ,” ಎಂದು ವೆಂಕಟರಾಮಯ್ಯನವರು ಪರದೆಯ ಮುಂದೆ ಕುಳಿತು ನಗುತ್ತಿದ್ದರು.

“ಆಕಾಶದ ಚಂದ್ರನೂ ಅವಸರ ಮಾಡಲ್ಲ, ಸುಮ್ನಿರಿ,” ಎಂದು ಅಡವಯ್ಯನವರೂ ನಕ್ಕಿದ್ದುಂಟು.

ಆ ನಗು ನಿಂತದ್ದು ಶಿರಾದಲ್ಲಿ. ಅಲ್ಲಿ ಲಗ್ನಪತ್ರಿಕೆಗಳನ್ನು ಅಚ್ಚುಹಾಕುವ ಮಲ್ಲಿಕಾರ್ಜುನಯ್ಯನೆಂಬುವನಿಗೆ ಮೊದಲ ಫ್ಲಾಪಿಯನ್ನು ಕೊಡಲಾಗಿತ್ತು. ಕೆಲವು ತಿಂಗಳ ಮೇಲೆ ಅಡವಯ್ಯನವರು ಹೋಗಿ ನೋಡಿದರೆ, ಯಾವ ವಧೂವರರ ಜಾತಕವನ್ನು ಕೊಟ್ಟರೂ ಗುಣಗಳು ಕೂಡಿಬರುತ್ತಿದ್ದವು. ಒಳಗಿನ ಸಾಲುಗಳನ್ನು ತೆರೆದು ನೋಡಿದಾಗ ತಾವು ಬರೆಯದ ಒಂದು ಸಾಲು ಅಲ್ಲಿತ್ತು.

“ಮೂವತ್ತಾರರಲ್ಲಿ ಹದಿನೆಂಟು ಗುಣಕ್ಕೆ ಕಮ್ಮಿ ಬಂದ್ರೆ ಗಿರಾಕಿ ಪತ್ರಿಕೆ ಹೊಡೆಸೋದೇ ಇಲ್ಲ ಸ್ವಾಮಿ,” ಎಂದ ಮಲ್ಲಿಕಾರ್ಜುನಯ್ಯ, ಅಳುಕಿಲ್ಲದೆ. “ಅದಕ್ಕೇ ಒಂದು ಲೈನ್ ಸೇರ್ಸಿಬುಟ್ಟೆ. ಕಮ್ಮಿ ಬಂದ್ರೂ ಹತ್ತೊಂಬತ್ತು ತೋರ್ಸುತ್ತೆ. ಯಾರ್ಗೇನ್ ನಷ್ಟ? ಎಲ್ಲಾರೂ ಖುಷ್.”

ಶಾಂತಸ್ವಭಾವದ ಅಡವಯ್ಯನವರು ಅಂದು ಶಿರಾದ ಬಜಾರಿನಲ್ಲಿ ನಿಂತು ಆ ಮನುಷ್ಯನನ್ನು ನಾಲ್ಕು ಜನ ಕೇಳುವಂತೆ ಬೈದರು. ಮನೆಗೆ ಬಂದು, ಇನ್ನು ಪ್ಯಾಸ್ಕಲ್ಲಿನಲ್ಲಿಯೇ ಬರೆಯುವುದೆಂದು ತೀರ್ಮಾನಿಸಿದರು. ವೆಂಕಟರಾಮಯ್ಯನವರಿಗೆ ಅದು ಒಪ್ಪಿಗೆಯಾಗಲಿಲ್ಲ.

“ಒಬ್ಬ ಪ್ರೆಸ್ಸಿನವನು ಕಿತಾಪತಿ ಮಾಡಿದ ಅಂತ ಎಲ್ಲಾರ ಕಣ್ಣಿಗೂ ಬಟ್ಟೆ ಕಟ್ತೀರಾ? ತೆರೆದಿದ್ದಕ್ಕೇ ಅವನ ಕಳ್ಳತನ ನಿಮಗೆ ಸಿಕ್ಕಿದ್ದು. ಮುಚ್ಚಿದ ಮೇಲೆ ಒಳಗೆ ತಪ್ಪಿದ್ರೆ ಹೇಳೋರು ಯಾರು?”

“ಅಜ್ಜನ ಗಣಿತದಲ್ಲಿ ತಪ್ಪಿಲ್ಲ.”

“ಅಜ್ಜಂದಲ್ಲ ಕಣ್ರೀ, ನಿಮ್ಮದು.”

ಆ ಹೊತ್ತಿಗೆ ಅಡವಯ್ಯನವರ ಒಂದು ಕಣ್ಣು ಪೂರಾ ಹೋಗಿತ್ತು. ಇನ್ನೊಂದರ ಮುಂದೆ ಭೂತಗನ್ನಡಿಯನ್ನು ಹಿಡಿದು, ಶಾಲೆಗೆ ಹೊಸದಾಗಿ ಬಂದಿದ್ದ ದೊಡ್ಡ ಕಂಪ್ಯೂಟರಿನಲ್ಲಿ ಸಾಲುಸಾಲಾಗಿ ಎಲ್ಲವನ್ನೂ ಹೊಸದಾಗಿ ಬರೆದರು. ಮನೆಯ ಹಳೆಯ ಜಾತಕಗಳನ್ನೆಲ್ಲ ತಂದು, ಒಂದೊಂದನ್ನೂ ಯಂತ್ರಕ್ಕೆ ಕೊಟ್ಟು, ಅಜ್ಜನೂ ತಂದೆಯೂ ಕಂಡ ನಕ್ಷತ್ರವೇ ಬರುವುದನ್ನು ಪರೀಕ್ಷಿಸಿದರು. ಎಲ್ಲವೂ ಕೂಡಿಬಂದವು. ಆ ಸಂಜೆ ಶಿವಪೂಜೆಯಲ್ಲಿ ಅವರ ಕಣ್ಣು ತುಂಬಿತ್ತು.

ಪ್ರೋಗ್ರಾಮ್ ತೆರೆದೊಡನೆ ಪರದೆಯ ಮೇಲೂ, ಅಚ್ಚಾಗಿ ಬರುವ ಪ್ರತಿ ಜಾತಕದ ತಲೆಯಲ್ಲೂ, ಇಂಗ್ಲಿಷ್ ಅಕ್ಷರಗಳಲ್ಲಿ ಆದರೆ ಕನ್ನಡದಲ್ಲಿ, ಎರಡು ವಾಕ್ಯ ಮೂಡುತ್ತಿದ್ದವು: “ಇದು ಮಿಡಿಗೇಶಿ ಮನೆತನದ ಗಣಿತ. ಇದನ್ನು ಯಾರೂ ತಿದ್ದಲಾಗದು.” ಫ್ಲಾಪಿಗಳು ನಾಲ್ಕು ತಾಲ್ಲೂಕಿಗೂ ಹೋದವು. ಕೇಳಿದವರಿಗೆಲ್ಲ ಪ್ರತಿ ಮಾಡಿಕೊಡಿ, ಇದು ಮಾರುವ ಸರಕಲ್ಲ ಎಂದು ಅಡವಯ್ಯನವರೇ ಹೇಳಿದ್ದರಿಂದ ಪ್ರತಿಯಿಂದ ಪ್ರತಿ ಹುಟ್ಟಿ, ಎಲ್ಲಿಗೆ ಹೋಯಿತೆಂಬುದು ಅವರಿಗೂ ತಿಳಿಯದಷ್ಟು ಹರಡಿತು. ಜನರಿಗೆ ಅದರ ಮೇಲೆ ಬಂದ ನಂಬಿಕೆ ಅಪಾರ. ಜಾತಕ ಹೇಳುವ ಮನುಷ್ಯರಿಗೆ ಮುಖದಾಕ್ಷಿಣ್ಯವಿದೆ, ಇದಕ್ಕೆ ಇಲ್ಲ ಎಂದು ಸಂಬಂಧ ಬೆಳೆಸುವವರು ಹುಡುಕಿಕೊಂಡು ಬಂದರು. ಅಡವಯ್ಯನವರು ನಿವೃತ್ತರಾಗಿ ಮಿಡಿಗೇಶಿಗೆ ಮರಳಿದರು. ಉಳಿದ ಕಣ್ಣಿಗೆ ಬೆಳಕು ಮತ್ತು ನೆರಳು ಮಾತ್ರ ತಿಳಿಯುತ್ತಿದ್ದವು.

ಎಂಬತ್ತೊಂಬತ್ತರ ಮಾಘಮಾಸದಲ್ಲಿ ಒಂದು ಬೆಳಿಗ್ಗೆ ಕಮಲಾಕ್ಷಮ್ಮನವರು ಮಗಳನ್ನು ಕರೆದುಕೊಂಡು ಆ ಮನೆಗೆ ಬಂದರು. ಆಕೆಯ ತವರು ಮಿಡಿಗೇಶಿಯೇ, ವೈ.ಎನ್.ಹೊಸಕೋಟೆಗೆ ಕೊಟ್ಟ ಹೆಣ್ಣು. ಗಂಡ ತೀರಿಕೊಂಡ ಮೇಲೆ ಚಿಕ್ಕ ಅಂಗಡಿಯೊಂದನ್ನು ನಡೆಸಿಕೊಂಡು ಮಗಳು ಜಗದಾಂಬೆಯನ್ನು ಪಿಯುಸಿಯವರೆಗೆ ಓದಿಸಿದ್ದರು. ಶಿರಾದ ಜವಳಿ ವ್ಯಾಪಾರಿ ಶಂಕರಲಿಂಗಪ್ಪನವರ ಮಗನಿಗೆ ಜಗದಾಂಬೆಯನ್ನು ಕೇಳಿದ್ದರು. ಎರಡೂ ಕಡೆಯವರು ಒಪ್ಪಿ ವೀಳ್ಯವನ್ನೂ ಬದಲಾಯಿಸಿದ್ದರು. ಕಡೆಗೆ ಗಂಡಿನವರು ಕಂಪ್ಯೂಟರ್ ಜಾತಕ ಬೇಕೆಂದರು. ಪಾವಗಡದ ಇನ್‌ಸ್ಟಿಟ್ಯೂಟಿನಲ್ಲಿ ತೆಗೆಸಿದ ಜಾತಕದಲ್ಲಿ ಆಶ್ಲೇಷಾ ನಕ್ಷತ್ರವೆಂದು ಬಂದಿತ್ತು. ಆಶ್ಲೇಷೆಯಲ್ಲಿ ಹುಟ್ಟಿದ ಸೊಸೆ ಅತ್ತೆಯ ಪ್ರಾಣಕ್ಕೆ ಆಗದೆಂಬ ಭಯ ಈ ಸೀಮೆಯಲ್ಲಿ ಯಾವ ಮನೆಗೂ ಹೊಸದಲ್ಲ. ಸಂಬಂಧ ಅಲ್ಲಿಗೇ ನಿಂತಿತ್ತು.

“ಇವಳು ಹುಟ್ಟಿದಾಗ ನಿಮ್ಮಪ್ಪಾರು ಇದೇ ಜಗ್ಲಿ ಮೇಲೆ ಕುಂತು ಪುಷ್ಯ ಅಂದ್ರು. ನಿಮ್ಮ ಮಿಷಿನ್ನು ಆಶ್ಲೇಷ ಅಂತೈತೆ,” ಎಂದರು ಕಮಲಾಕ್ಷಮ್ಮ. “ಅಪ್ಪ ಸುಳ್ಳೋ, ಮಗ ಸುಳ್ಳೋ, ನೀವೇ ಹೇಳ್ಬುಡಿ ಅಣ್ಣಯ್ಯ.”

“ಹುಟ್ಟಿದ್ದು ಯಾವಾಗಮ್ಮ?”

“ಸೋಮ್ವಾರ ರಾತ್ರಿ. ಇನ್ನೂ ಕೋಳಿ ಕೂಗಿರ್ಲಿಲ್ಲ. ಮಧುಗಿರಿ ಆಸ್ಪತ್ರೆ ನರ್ಸಮ್ಮ ಮಂಗ್ಳವಾರ ಅಂತ ಬರ್ಕೊಂಡ್ಳು. ಬೆಳಕೇ ಹರಿದಿಲ್ಲ, ಅದೆಂಗೆ ಮಂಗ್ಳವಾರ ಆಯ್ತದೆ ಅಂತ ನಮ್ಮತ್ತೆ ಅವಳ ಮೇಲೆ ಜಗಳಕ್ಕೇ ಹೋಗಿದ್ರು.”

ಅಡವಯ್ಯನವರು ಬೆರಳು ಮಡಿಸುತ್ತ ಎಣಿಸತೊಡಗಿದರು. ಅಷ್ಟರಲ್ಲಿ ಜಗದಾಂಬೆಯೇ ಕೇಳಿದಳು:

“ಮಾವ, ನಾವು ಇನ್‌ಸ್ಟಿಟ್ಯೂಟಲ್ಲಿ ಆಸ್ಪತ್ರೆ ತಾರೀಕೇ ಕೊಟ್ವಿ. ಮಂಗಳವಾರ, ಬೆಳಗಿನ ಜಾವ ನಾಕು ಗಂಟೆ. ಅದು ಯಾವ ರಾತ್ರಿ ಅಂತ ಮಿಷಿನ್ ತಿಳ್ಕೊಳುತ್ತೆ?”

ಆ ಪ್ರಶ್ನೆಗೆ ಉತ್ತರ ಅಡವಯ್ಯನವರಿಗೆ ಗೊತ್ತಿತ್ತು. ಆ ಮನೆಯಲ್ಲಿ ದಿನವೆಂಬುದು ಸೂರ್ಯೋದಯದಿಂದ ಮರುದಿನದ ಸೂರ್ಯೋದಯದವರೆಗೆ. ಜಾತಕ ಕೇಳಲು ಬಂದವರೂ ಹಾಗೆಯೇ ಹೇಳುತ್ತಿದ್ದರು: ಸೋಮವಾರ ರಾತ್ರಿ ನಾಲ್ಕು ಗಂಟೆ ಎಂದರೆ ಮಂಗಳವಾರದ ಬೆಳಕಿಗೆ ಮುಂಚಿನ ನಾಲ್ಕು ಗಂಟೆ. ಅಡವಯ್ಯನವರು ಉಸಿರಾಡುವಷ್ಟು ಸಹಜವಾಗಿ ಆ ಲೆಕ್ಕವನ್ನೇ ಯಂತ್ರಕ್ಕೆ ಬರೆದಿದ್ದರು: ಸೂರ್ಯೋದಯಕ್ಕೆ ಮೊದಲಿನ ಗಂಟೆ ಬಂದರೆ ಅದನ್ನು ಕೊಟ್ಟ ದಿನದ ಕೊನೆಗೆ ಸೇರಿಸು. ಪರೀಕ್ಷೆಗೆ ಕೊಟ್ಟ ಜಾತಕಗಳೂ ಮನೆಯವೇ ಆದ್ದರಿಂದ ಅವೆಲ್ಲ ಸರಿಯಾಗಿದ್ದವು. ಆಸ್ಪತ್ರೆಯ ತಾರೀಕಾದರೋ ನಡುರಾತ್ರಿಗೆ ಬದಲಾಗುವಂಥದು. ಅದನ್ನು ಕೊಟ್ಟರೆ ಯಂತ್ರ ಒಂದು ಪೂರ್ಣ ದಿನ ಮುಂದಕ್ಕೆ, ಬುಧವಾರದ ಬೆಳಗಿನ ಜಾವಕ್ಕೆ ಹೋಗುತ್ತಿತ್ತು. ಆ ದಿನದೊಳಗೆ ಚಂದ್ರ ಪುಷ್ಯವನ್ನು ದಾಟಿ ಆಶ್ಲೇಷೆಯ ಕಡೆಯ ಪಾದಕ್ಕೆ ಬಂದಿರುತ್ತಿದ್ದ. ಫ್ಲಾಪಿಗಳು ಹೊರಟಂದಿನಿಂದ, ಆಸ್ಪತ್ರೆಯಲ್ಲಿ ನಡುರಾತ್ರಿಯ ನಂತರ, ಬೆಳಗಿಗೆ ಮುಂಚೆ ಹುಟ್ಟಿದ ಅದೆಷ್ಟು ಮಂದಿಯ ನಕ್ಷತ್ರ ಹೀಗೆ ಪಕ್ಕಕ್ಕೆ ಜಾರಿತ್ತೋ.

“ನಿಮ್ಮಪ್ಪನೋರು ಹೇಳಿದ್ದೇ ಸರಿ ಅಂದಂಗಾಯ್ತು,” ಎಂದರು ಕಮಲಾಕ್ಷಮ್ಮ, ಅವರ ಎಣಿಕೆ ನಿಂತದ್ದನ್ನು ನೋಡಿ.

“ಹೌದಮ್ಮ. ಮಗು ಪುಷ್ಯ. ತಪ್ಪು ನನ್ನದು.”

ಅಡವಯ್ಯನವರು ಅಂದೇ ಮಧುಗಿರಿಗೆ ಹೋಗಿ ವೆಂಕಟರಾಮಯ್ಯನವರನ್ನು ಕಂಡರು. ಶಾಲೆಯಲ್ಲಿ ಉಳಿದಿದ್ದ ಪ್ಯಾಸ್ಕಲ್ ಮೂಲಬರಹದ ಸಾಲುಗಳನ್ನು ವೆಂಕಟರಾಮಯ್ಯನವರು ಗಟ್ಟಿಯಾಗಿ ಓದುತ್ತ ಹೋದರು. ಅಡವಯ್ಯನವರು ಕಣ್ಣು ಮುಚ್ಚಿ ಕೇಳುತ್ತ ಒಂದೆಡೆ ಕೈಯೆತ್ತಿದರು. ತಿದ್ದಬೇಕಾದದ್ದು ಒಂದೇ ಸಾಲು. ಅದನ್ನು ತಿದ್ದಿ, ಯಾವ ದಿನದ ರಾತ್ರಿಯೆಂದು ಕೇಳುವ ಪ್ರಶ್ನೆಯೊಂದನ್ನು ಸೇರಿಸಿದರು.

“ಇದೇ ಬೇಸಿಕ್ಕಲ್ಲಿದ್ದಿದ್ರೆ, ಎಲ್ಲಾರ್ಗೂ ಒಂದೊಂದು ಕಾರ್ಡು ಹಾಕಿ, ಇಂಥ ಸಾಲು ಹಿಂಗೆ ತಿದ್ಕೊಳಿ ಅಂತ...” ಎಂದು ಮೊದಲುಮಾಡಿದ ವೆಂಕಟರಾಮಯ್ಯನವರು ಗೆಳೆಯನ ಮುಖವನ್ನು ನೋಡಿ ಮಾತನ್ನು ಅಲ್ಲಿಗೇ ಬಿಟ್ಟರು. ಬದಲಿಗೆ, “ಮೊದಲ ಪರದೆ ಮೇಲಿನ ಮಾತು ಹಂಗೇ ಇರಲಾ?” ಎಂದು ಕೇಳಿದರು.

“ಯಾರೂ ತಿದ್ದಲಾಗದು ಅನ್ನೋದನ್ನ ತೆಗೆದುಬಿಡಿ. ಈಗ ತಿದ್ದಿದೆವಲ್ಲ.”

ಮರುದಿನ ಅಡವಯ್ಯನವರು ಜಗದಾಂಬೆಯ ಹೊಸ ಜಾತಕವನ್ನು ಅಚ್ಚು ಮಾಡಿಸಿ, ವೆಂಕಟರಾಮಯ್ಯನವರ ಕೈಹಿಡಿದುಕೊಂಡು ಶಿರಾಕ್ಕೆ ಹೋದರು. ಶಂಕರಲಿಂಗಪ್ಪನವರು ಆದರದಿಂದಲೇ ಬರಮಾಡಿಕೊಂಡರು. ಜಂಗಮರೆಂದು ಪಾದಕ್ಕೆ ನೀರು ಕೊಟ್ಟರು. ಮಾತು ಮುಗಿಯುವವರೆಗೆ ಸಮಾಧಾನದಿಂದ ಕೇಳಿ, ಎರಡು ಜಾತಕಗಳನ್ನೂ ಮುಂದಿಟ್ಟುಕೊಂಡರು.

“ಸ್ವಾಮಿ, ಇದ್ರಲ್ಲಿ ಯಾರೂ ತಿದ್ದಕ್ಕಾಗಲ್ಲ ಅಂತ ಬರುತ್ತೆ. ನಿಮ್ಮದೇ ಮಾತು. ನೀವು ತಂದಿರೋದ್ರಲ್ಲಿ ಆ ಮಾತೇ ಇಲ್ಲ.”

“ತಪ್ಪಿತ್ತು, ತಿದ್ದಿದ್ದೇನೆ. ಅದಕ್ಕೇ ಆ ಮಾತು ತೆಗೆದೆ.”

“ಮಲ್ಲಿಕಾರ್ಜುನಯ್ಯನೂ ಒಂದು ಲೈನೇ ತಿದ್ದಿದ್ದು. ಅವನನ್ನ ಬಜಾರ್‌ನಲ್ಲಿ ನಿಲ್ಲಿಸಿ ಬೈದ್ರಿ, ನಾನೂ ಅಲ್ಲೇ ಇದ್ದೆ. ಗಿರಾಕಿಗೋಸ್ಕರ ಅವನು ತಿದ್ದಿದ. ನಿಮ್ಮೂರಿನ ಹೆಣ್ಣುಮಗಳು ಬಂದು ಅತ್ಲು, ನೀವು ತಿದ್ದಿದ್ರಿ. ಬೇಜಾರ್ ಮಾಡ್ಕೋಬೇಡಿ. ನಿಮ್ಮದು ಕರುಣೆ, ಅವನದು ವ್ಯಾಪಾರ, ಅಷ್ಟೇಯ.”

ವೆಂಕಟರಾಮಯ್ಯನವರು ರೇಗಿದರು. “ರೀ, ಈ ಮನುಷ್ಯ ಸುಳ್ಳು ಹೇಳೋರಾ? ಬೇಕಾದ್ರೆ ಈಗಲೇ ಗಣಿತ ಬಿಡಿಸಿ ತೋರಿಸ್ತಾರೆ.”

ಬಾಗಿಲ ಮರೆಯಲ್ಲಿ ನಿಂತಿದ್ದ ಶಂಕರಲಿಂಗಪ್ಪನವರ ಹೆಂಡತಿ ಆಗ ಮುಂದೆ ಬಂದರು. ಸಣ್ಣ ದೇಹದ, ಮೆಲ್ಲಗೆ ಮಾತಾಡುವ ಹೆಂಗಸು. “ಅಯ್ನೋರೆ, ಗಣಿತ ನನಗೆ ಗೊತ್ತಾಗಕಿಲ್ಲ. ಹುಡುಗಿ ಚಿನ್ನದಂಥವಳು, ನಾನೇ ಒಪ್ಪಿದ್ದೆ. ಆದ್ರೆ ದಿನಾ ಅವಳ ಕೈಲಿ ಅನ್ನ ಇಕ್ಕಿಸ್ಕೊಂಡು ತಿನ್ನೋಳು ನಾನು. ಒಂದು ಸಲ ಕೆಮ್ಮು ಬಂದ್ರೂ ಮನ್ಸಿಗೆ ಅದೇ ಬತ್ತದೆ. ಅವಳ ಮೇಲೆ ನನಗೆ ಹಗೆ ಹುಟ್ಟಬಾರ್ದು ಅಂತ ಬ್ಯಾಡ ಅಂತೀನಿ.”

ಅಡವಯ್ಯನವರು ತಾವು ತಂದ ಜಾತಕವನ್ನು ಮಡಿಸಿಕೊಂಡು ಎದ್ದರು. ಗಣಿತದಿಂದ ಉತ್ತರ ಕೊಡಬಹುದಾದ ಮಾತು ಅದಲ್ಲ. ಶಂಕರಲಿಂಗಪ್ಪನವರ ಮಗನಿಗೆ ಯುಗಾದಿಯ ನಂತರ ಬೇರೆ ಕಡೆ ಲಗ್ನವಾಯಿತು.

ಆಮೇಲೆ ಕೆಲವು ತಿಂಗಳು ಗೆಳೆಯರಿಬ್ಬರೂ ತಿದ್ದಿದ ಫ್ಲಾಪಿಗಳನ್ನು ಹಿಡಿದು ಊರೂರು ಅಲೆದರು. ಕೊರಟಗೆರೆಯಲ್ಲಿ ಹಳೆಯ ಫ್ಲಾಪಿಯನ್ನು ಮರುಮಾತಿಲ್ಲದೆ ಬದಲಾಯಿಸಿಕೊಂಡರು. ಆದರೆ ಅಷ್ಟರಲ್ಲಿ ಅದರ ಪ್ರತಿಗಳು ಗೌರಿಬಿದನೂರಿಗೂ ಹಿಂದೂಪುರಕ್ಕೂ ಹೋಗಿದ್ದವು, ಯಾರ ಕೈಗೆಂದು ಅಲ್ಲಿಯವರಿಗೆ ನೆನಪಿರಲಿಲ್ಲ. ಪಾವಗಡದ ಇನ್‌ಸ್ಟಿಟ್ಯೂಟಿನ ಯಜಮಾನ ಹೊಸ ಫ್ಲಾಪಿಯನ್ನು ತೆಗೆದುಕೊಂಡು ಮೇಜಿನ ಮೇಲಿಟ್ಟ; ಯಂತ್ರಕ್ಕೆ ಹಾಕಲಿಲ್ಲ.

“ಸಾರು, ಪಾತದೇ ಬಾಗುಂದಿ,” ಎಂದ ತೆಲುಗಿನಲ್ಲಿ. “ಹಳೇದು ಚೆನ್ನಾಗೈತೆ. ಇದು ಎಕ್‌ಸ್ಟ್ರಾ ಕೊಶ್ಚನ್ ಕೇಳುತ್ತೆ, ಯಾವ ರಾತ್ರಿ ಅಂತ. ಬಂದೋರು ಒಬ್ಬರ ಮುಖ ಒಬ್ಬರು ನೋಡ್ತಾರೆ, ಅತ್ತೆ ಒಂದು ಹೇಳ್ತಾಳೆ, ತಾಯಿ ಒಂದು ಹೇಳ್ತಾಳೆ. ಹಳೇದ್ರಲ್ಲಿ ಆ ಗೋಜಿಲ್ಲ. ಯಾರೂ ತಿದ್ದಲಾಗದು ಅಂತ ಬರೋದನ್ನ ನೋಡಿಯೇ ಜನ ಕೈ ಮುಗೀತಾರೆ ಸಾರು.”

“ಅದರಲ್ಲಿ ತಪ್ಪಿದೆಯಪ್ಪ.”

“ಇದ್ರೂ ಎಲ್ಲಾರ್ಗೂ ಒಂದೇ ತಪ್ಪು ಕದಾ, ಅಲ್ವಾ ಸಾರು.”

ಹೊರಗೆ ಬಂದು ಬಸ್ಸಿಗೆ ಕಾಯುವಾಗ ಅಡವಯ್ಯನವರು ಏನನ್ನೋ ಜಪಿಸುತ್ತಿದ್ದಂತೆ ತುಟಿ ಅಲುಗಿಸುತ್ತಿದ್ದರು. ಮಂತ್ರವೆಂದುಕೊಂಡರು ವೆಂಕಟರಾಮಯ್ಯನವರು. ಕಿವಿಗೊಟ್ಟರೆ ಅದು ಅಡವಯ್ಯನವರೇ ಯಂತ್ರಕ್ಕೆ ಬರೆದಿದ್ದ ಆ ಹಳೆಯ ಸಾಲು: ಕೊಟ್ಟ ದಿನದ ಕೊನೆಗೆ ಸೇರಿಸು.

ಜಗದಾಂಬೆಗೆ ಮತ್ತೆರಡು ಕಡೆಯಿಂದ ಬಂದ ಸಂಬಂಧಗಳು ಶಿರಾದ ಸುದ್ದಿ ಕೇಳಿ ಹಿಂದಿರುಗಿದವು. ಆಗ ಪಾವಗಡದ ಕಡೆಯ ಒಬ್ಬ ವಿಧುರ ಮುಂದೆ ಬಂದ. ವಯಸ್ಸಿನಲ್ಲಿ ಬಹಳ ಹಿರಿಯ, ಮೊದಲ ಹೆಂಡತಿಯ ಇಬ್ಬರು ಮಕ್ಕಳಿದ್ದರು. ಅವನ ತಾಯಿ ಎಂದೋ ತೀರಿದ್ದಳು. ಆಶ್ಲೇಷೆಯ ಹೆಣ್ಣನ್ನು ಅತ್ತೆಯಿಲ್ಲದ ಮನೆಗೆ ಕೊಡುವುದು ಹಿಂದಿನಿಂದ ನಡೆದುಬಂದ ರೂಢಿ. ಕಮಲಾಕ್ಷಮ್ಮ ಒಪ್ಪಿದರೆಂದು ಕೇಳಿ ಅಡವಯ್ಯನವರು ಹೊಸಕೋಟೆಗೆ ಧಾವಿಸಿದರು.

“ತಾಯಿ, ಮಗು ಪುಷ್ಯ. ನಿನಗೇ ಗೊತ್ತು. ಸೋಮವಾರ ರಾತ್ರಿ ಹೆತ್ತವಳು ನೀನು.”

“ಗೊತ್ತು ಅಣ್ಣಯ್ಯ,” ಎಂದರು ಕಮಲಾಕ್ಷಮ್ಮ. ಧ್ವನಿಯಲ್ಲಿ ಸಿಟ್ಟಿರಲಿಲ್ಲ. “ನಿಮ್ಮ ಮೇಲೆ ಕೋಪಾನೂ ಇಲ್ಲ. ಆದ್ರೆ ಮಿಷಿನ್ನು ಹೇಳಿದ್ಮೇಲೆ ನನ್ನ ಮನ್ಸೂ ಕೆಟ್ಟೋಯ್ತು ಕಣಣ್ಣ. ಒಂದ್ ಪಕ್ಷ ಅದೇ ನಿಜ ಆಗಿದ್ರೆ, ನಾಳೆ ಹೋದ ಮನೇಲಿ ಅತ್ತೆ ಸತ್ರೆ, ಈ ಮಗಾನ ಹೆಂಗೆ ನೋಡ್ತಾರೆ? ಅತ್ತೆ ಇಲ್ದಿರೋ ಮನೆ ಆದ್ರೆ ಪುಷ್ಯ ಆದ್ರೂ ನಡೀತದೆ, ಆಶ್ಲೇಷ ಆದ್ರೂ ನಡೀತದೆ.”

ಅಡವಯ್ಯನವರು ಜಗದಾಂಬೆಯಿದ್ದ ಕಡೆಗೆ ಮುಖ ತಿರುಗಿಸಿದರು. “ನೀನಾದರೂ ಬೇಡ ಅನ್ನು ಮಗಳೇ.”

“ಬುಡಿ ಮಾವ,” ಎಂದಳು ಅವಳು. “ಅಂಗಡಿಗೆ ಬರೋರೆಲ್ಲ ನನ್ನ ಹೆಸರು ಹೇಳಲ್ಲ ಈಗ, ಆಶ್ಲೇಷದ ಹುಡುಗಿ ಅಂತಾರೆ. ನಾನೂ ತಿರುಗಿ ನೋಡ್ತೀನಿ.”

ಮದುವೆ ಹೊಸಕೋಟೆಯಲ್ಲಿಯೇ ಆಯಿತು, ವಾದ್ಯವಿಲ್ಲದೆ, ಹತ್ತಿರದವರಷ್ಟೇ ಸೇರಿ. ಅಡವಯ್ಯನವರನ್ನು ಮೊದಲ ಸಾಲಿನಲ್ಲಿ, ಕಲಶಗಳ ಹತ್ತಿರದಲ್ಲಿಯೇ ಕೂರಿಸಿದ್ದರು. ಪುರೋಹಿತರು ಗಂಡಿನ ಕಡೆಯವರು. ಮುಹೂರ್ತವನ್ನು ಪಾವಗಡದಲ್ಲಿಯೇ ತೆಗೆಸಿ ತಂದಿದ್ದರು. ವರನ ಗೋತ್ರವನ್ನೂ ನಕ್ಷತ್ರವನ್ನೂ ಹೇಳಿ ಮುಗಿಸಿ, ಅವರು ವಧುವಿನ ಗೋತ್ರವನ್ನು ಹೇಳತೊಡಗಿದಾಗ ಅಡವಯ್ಯನವರ ಕೈಯಲ್ಲಿದ್ದ ಅಕ್ಷತೆ ಬೆರಳ ಸಂದಿಯಿಂದ ಸೋರುತ್ತಿತ್ತು. ಪಕ್ಕದಲ್ಲಿದ್ದ ವೆಂಕಟರಾಮಯ್ಯನವರು ಅವರ ಮೊಣಕೈಯನ್ನು ಹಿಡಿದುಕೊಂಡರು. ಎದ್ದು ನಿಂತು ಏನಾದರೂ ಹೇಳಿಯಾರೆಂದು ಅವರಿಗೆ ಅನಿಸಿತ್ತು. ಅಡವಯ್ಯನವರು ಏಳಲಿಲ್ಲ. ಎದ್ದರೆ ಈ ಲಗ್ನವೂ ನಿಲ್ಲುತ್ತದೆ, ಮತ್ತೊಂದು ಬರುವುದಿಲ್ಲ ಎಂಬುದು ಅವರಿಗೂ ತಿಳಿದಿತ್ತು.

ಹಿಂದಿನ ಸಾಲಿನಲ್ಲಿ ಕುಳಿತಿದ್ದ ಮುದುಕಿಯೊಬ್ಬಳಿಗೆ ಕಿವಿ ಮಂದ. ಮಂತ್ರ ನಿಂತ ಮೇಲೆ ಅವಳು ಮುಂದಕ್ಕೆ ಬಾಗಿ ಅಡವಯ್ಯನವರ ಹೆಗಲು ಮುಟ್ಟಿದಳು.

“ಹುಡುಗಿ ನಕ್ಷತ್ರ ಏನಂದ್ರು ಅಯ್ನೋರೆ?”

“ಆಶ್ಲೇಷಾ ಅಂದರು,” ಎಂದರು ಅಡವಯ್ಯನವರು.